ಡ್ರಾಯರಿನಲ್ಲಿ ಎಂಟು ದಿನ

ಡಿಸೆಂಬರ್ 22

ಮತ್ತೆ ಎರಡು ಹೊದಿಕೆ ಕಡಿಮೆ. ಆಸ್ಪತ್ರೆಯವರು ನಾನೂರ ಹನ್ನೆರಡು ಕಳಿಸಿದೆವು ಅನ್ನುತ್ತಾರೆ, ನಮ್ಮವರು ಎಣಿಸಿದ್ದು ನಾನೂರ ಹತ್ತು. ಇವರ ಮೇಲೆ ಅವರು, ಅವರ ಮೇಲೆ ಇವರು. ಕೊನೆಗೆ ನಾನೇ ಬಿಲ್ಲಿನಲ್ಲಿ ಕಳೆದೆ. ಈ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದಿದ್ದೇನೆ, ಹೊದಿಕೆಗಳಿಗೆ ಕಾಲು ಬರುವುದು ಹೊಸದಲ್ಲ.

ಸಂಜೆ ಅಣ್ಣನ ಮನೆ ಕಡೆ. ಓಣಿಯಲ್ಲಿ ನಿಂತು ಕೂಗಿದೆ. ಮೂರನೇ ಮಹಡಿಯ ಕಿಟಕಿ ತೆರೆಯಿತು, ಹಗ್ಗ ಕಟ್ಟಿದ ಬುಟ್ಟಿ ಇಳಿಯಿತು. ಹಾಲು, ಬ್ರೆಡ್ಡು, ಅತ್ತಿಗೆಯ ನೋವಿನ ಮಾತ್ರೆ ಇಟ್ಟೆ. ಅವಳು ಎಳೆಯತೊಡಗಿದ ಮೇಲೂ ನಾನು ಹಗ್ಗ ಬಿಡಲಿಲ್ಲ. ದಿನಾ ಇದೇ ಆಟ.

"ಬಿಡೇ ಲೆಕ್ಕದಮ್ಮ! ಕೈ ನೋಯುತ್ತೆ!"

"ನಿನ್ನೆ ಬಿಸ್ಕೆಟ್ಟಿನ ಲೆಕ್ಕ ಕೊಡು, ಬಿಡ್ತೀನಿ."

ಅತ್ತಿಗೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದು ಎರಡು ವರ್ಷ. ಮೂಳೆ ಕೂಡಿತು, ಸರಿಯಾಗಿ ಕೂಡಲಿಲ್ಲ. ಲಿಫ್ಟಿಲ್ಲ, ಮೆಟ್ಟಿಲು ಕಡಿದು. ಒಮ್ಮೆ ಕುರ್ಚಿಯಲ್ಲಿ ಕೂರಿಸಿ ಇಳಿಸಲು ನೋಡಿದೆವು. ಮೊದಲ ತಿರುವಿನಲ್ಲೇ ನೋವಿಗೆ ಕಿರುಚಿದಳು. ಆಮೇಲೆ ಕೆಳಗೆ ಬಂದೇ ಇಲ್ಲ. ಮಂಚ ಕಿಟಕಿಗೆ ಒತ್ತಿಕೊಂಡಿದೆ, ಅಲ್ಲಿಂದ ಅವಳಿಗೆ ಕಾಣುವುದು ಎದುರು ಗೋಡೆ, ಓಣಿ, ನನ್ನ ನೆತ್ತಿ. "ನಿನ್ನ ಬೈತಲೆ ಅಗಲ ಆಗ್ತಾ ಇದೆ ಕಣೆ" ಅನ್ನುತ್ತಾಳೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮದುವೆಯಾಗಿ ಬಂದವಳು. ಆ ಬೈತಲೆ ತೆಗೆದು ಜಡೆ ಹೆಣೆದವಳೂ ಅವಳೇ.

ಡಿಸೆಂಬರ್ 24

ಮಾಲೀಕರು ಅಣ್ಣನ ಚೆಕ್ಕಿಗೆ ಸಹಿ ಹಾಕಿದರು! ನಿವೃತ್ತಿಯ ಇಡುಗಂಟು, ಹದಿನೆಂಟು ತಿಂಗಳ ಸಂಬಳ. ಮೂವತ್ತೊಂದು ವರ್ಷ ನಮ್ಮ ಲಾಂಡ್ರಿಯ ಬಾಯ್ಲರ್ ಮುಂದೆ ನಿಂತವನು, ಈ ತಿಂಗಳು ನಿವೃತ್ತಿ. ಕಾಗದದಲ್ಲಿ ಎಲ್ಲೂ ಇಲ್ಲ, ಬರೀ ಬಾಯಿಮಾತು. ನಮ್ಮ ಮಾಲೀಕರು ಬಂದ ಲಕೋಟೆಯನ್ನು ಬಿಚ್ಚಿ ತಿರುವಿ ಅಂಟಿಸಿ ಮತ್ತೆ ಬಳಸುವ ಆಸಾಮಿ. ಆದರೂ ಮಾತಿಗೆ ತಪ್ಪಲಿಲ್ಲ.

ದುಡ್ಡಿಗೆ ಆಗಲೇ ದಾರಿ ಗೊತ್ತಾಗಿದೆ. ಮುಂದಿನ ಬೀದಿಯಲ್ಲಿ, ಬೇಕರಿ ಪಕ್ಕ, ಟೈಲರ್‌ನ ನೆಲಮಹಡಿ ಮನೆ ಖಾಲಿ ಇದೆ. ಬಾಗಿಲು ತೆಗೆದರೆ ಬೀದಿ. ಜನವರಿ ಹತ್ತರೊಳಗೆ ಮುಂಗಡ ಕೊಡಬೇಕು. ಒಂದು ಸಲ ಸ್ಟ್ರೆಚರ್ ತರಿಸಿ ಅತ್ತಿಗೆಯನ್ನು ಇಳಿಸಿದರಾಯಿತು, ಮತ್ತೆ ಹತ್ತಿಸುವ ಗೋಜಿಲ್ಲ. "ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಹೋಗೋ ಬರೋರನ್ನೆಲ್ಲ ಆಡ್ಕೊಳ್ತೀನಿ" ಅಂತ ಈಗಿನಿಂದಲೇ ತಯಾರಿ.

ಮಾಲೀಕರು "ಇವತ್ತೇ ಕೊಟ್ಬಿಡಿ" ಅಂದರು. ಹೂಂ ಅಂದೆ. ಆದರೆ ಡ್ರಾಯರಿನಲ್ಲಿಟ್ಟೆ. ವರ್ಷದ ಕೊನೇ ವಾರ ದೊಡ್ಡ ಚೆಕ್ಕುಗಳನ್ನು ನಾನು ಹೊರಗೆ ಬಿಡುವುದಿಲ್ಲ. ಮೂವತ್ತೊಂದಕ್ಕೆ ಲಾಂಡ್ರಿಯ ಖಾತೆ ಮೈತುಂಬಿಕೊಂಡು ಕಾಣಬೇಕು — ಸಾಲ ಕೊಟ್ಟವರಿಗೆ ಅದೇ ಧೈರ್ಯ. ಹಳೇ ಬ್ಯಾಂಕಿನ ಮ್ಯಾನೇಜರ್ ಎಷ್ಟು ಸಲ ಹೊಗಳಿಲ್ಲ! ಈಗ ಹೊಸ ಮಷಿನ್ ಸಾಲ ಬೇರೆ ಕಡೆಯದು, ಅವರಿಗೂ ಒಂದು ಸಲ ತೋರಿಸೋಣ. ಸೋಪಿನವನ ಚೆಕ್, ವ್ಯಾನ್ ರಿಪೇರಿಯದು, ಅಣ್ಣನದು. ಎಂಟು ದಿನ ತಾನೇ.

ಡಿಸೆಂಬರ್ 31

ಅಣ್ಣನ ಕೊನೇ ದಿನ. ಇಸ್ತ್ರಿ ಹೆಂಗಸರು ಅವನ ಕೋಟು ಕಿತ್ತುಕೊಂಡು ಗರಿಗರಿ ಇಸ್ತ್ರಿ ಹಾಕಿ ಕೊಟ್ಟರು. ಕೈಗವಸು ಮೊಳೆಗೆ ನೇತುಹಾಕಿದ, ಬಾಯ್ಲರನ್ನು ಒಮ್ಮೆ ತಟ್ಟಿದ, "ಬರ್ತೀನಪ್ಪ" ಅಂದ. ಬಾಯ್ಲರಿಗೇ ಹೇಳಿದ್ದು, ನಮಗಲ್ಲ.

"ದುಡ್ಡು ಮುಂದಿನ ವಾರ ಬರುತ್ತೆ" ಅಂತ ಹೇಳಿದೆ. "ಎಲ್ಲಿ ಓಡಿ ಹೋಗುತ್ತೆ, ನೀನಿದ್ದೀಯಲ್ಲ" ಅಂದ.

ಸಂಜೆ ಖಾತೆಯ ಬಾಕಿ ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಎಂದೂ ಇರಲಿಲ್ಲ. ಹನಿ ಹನಿ ಕೂಡಿದರೆ ಹಳ್ಳ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಜನವರಿ 2, ಬೆಳಿಗ್ಗೆ 9.40

ಚೆಕ್ ಕೈಚೀಲಕ್ಕೆ ಹಾಕಿಕೊಂಡಾಗಿತ್ತು. ಹತ್ತು ಗಂಟೆಗೆ ಅಣ್ಣನಿಗೆ ಕೊಟ್ಟು ಬರೋಣ ಅಂತ. ಅಷ್ಟರಲ್ಲಿ ಸಾಲದ ಕಚೇರಿಯಿಂದ ಮೇಲ್. ವರ್ಷದ ಕೊನೇ ದಿನ ಖಾತೆಯಲ್ಲಿ ಗೊತ್ತುಪಡಿಸಿದ ಮಿತಿಗಿಂತ ಹೆಚ್ಚು ಉಳಿದಿದ್ದರೆ ಅದು ಹೆಚ್ಚುವರಿ ನಗದು. ಅದರ ಮುಕ್ಕಾಲು ಪಾಲನ್ನು ಕಡ್ಡಾಯವಾಗಿ ಅಸಲಿಗೆ ಕಟ್ಟಬೇಕು. ಕಟ್ಟುವವರೆಗೆ ಸಂಬಳ, ಸೋಪು, ಕರೆಂಟು, ಇಂಧನ ಬಿಟ್ಟು ಬೇರೆ ಪಾವತಿ ಮಾಡುವಂತಿಲ್ಲ. ಒಪ್ಪಂದದ ಅರವತ್ತೊಂದನೇ ಪುಟ.

ತೊಂಬತ್ತನಾಲ್ಕು ಪುಟ ಇದೆ. ನಾನು ಬಡ್ಡಿಯ ಪುಟ ಓದಿದ್ದೆ, ಕಂತಿನ ಪುಟ ಓದಿದ್ದೆ. ಅರವತ್ತೊಂದು —

ಚೆಕ್ಕನ್ನು ಕೈಚೀಲದಿಂದ ತೆಗೆದು ಮತ್ತೆ ಡ್ರಾಯರಿಗೆ ಹಾಕಿದೆ.

ಜನವರಿ 5

ಸಾಲದ ಕಚೇರಿಯಿಂದ ಒಬ್ಬಳು ಬಂದಳು. ಕನ್ನಡಕ, ಮೆತ್ತಗಿನ ಮಾತು. ಸಿಟ್ಟು ಮಾಡಿಕೊಳ್ಳೋಣ ಅಂದರೂ ಆಗದಂಥವಳು.

"ಮೇಡಂ, ಡಿಸೆಂಬರ್‌ನಲ್ಲೇ ಕೊಟ್ಟಿದ್ರೆ ನಾವು ಕೇಳ್ತಾನೇ ಇರ್ಲಿಲ್ಲ. ಉಳಿದಿದೆ ಅಂದ್ಮೇಲೆ ನಿಮಗೆ ಬೇಡ ಅಂತಲೇ ಅರ್ಥ ಅಲ್ವಾ?"

"ಬೇಡ ಅಂತ ಅಲ್ಲಮ್ಮ. ಕೊಡಬೇಕಾದ್ದು. ಚೆಕ್ ಬರೆದಾಗಿತ್ತು, ಡ್ರಾಯರಿನಲ್ಲಿತ್ತು."

"ಡ್ರಾಯರಿನಲ್ಲಿದ್ರೆ ಕೊಟ್ಟ ಹಾಗಲ್ಲ ಮೇಡಂ. ನಿಮ್ಮ ಸಾಲ ತಾನೇ ಕಡಿಮೆ ಆಗೋದು, ಒಳ್ಳೇದೇ ಅಲ್ವಾ?"

ಒಳ್ಳೆಯದೇ. ಅದೇ ತೊಂದರೆ. ಯಾರೂ ಏನೂ ಕದ್ದಿಲ್ಲ.

ಅವಳು ಹೋದ ಮೇಲೆ ಮಾಲೀಕರು ನನ್ನನ್ನೇ ನೋಡುತ್ತ ಕೂತರು. "ಇವತ್ತೇ ಕೊಟ್ಬಿಡಿ ಅಂದಿದ್ದೆನಲ್ಲ." ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಉಳಿಯುವ ಕಾಲು ಭಾಗ ಇಂಧನಕ್ಕೂ ಎರಡು ತಿಂಗಳ ಸಂಬಳಕ್ಕೂ ಸರಿಹೋಗುತ್ತದೆ. ಚೆಕ್ಕನ್ನು ಮಡಚದೆ ಹಳೇ ಲಕೋಟೆಯೊಂದರಲ್ಲಿಟ್ಟು ಬೀರುವಿಗೆ ಹಾಕಿದರು. "ಈ ವರ್ಷದ ಕೊನೆಗೆ ಖಂಡಿತ. ಅಲ್ಲೀವರೆಗೆ ಕೆಲಸಕ್ಕೆ ಬರಲಿ."

ಜನವರಿ 6

ಅಣ್ಣನಿಗೆ ಹೇಳಿದೆ. ಅರ್ಧ ಹೇಳಿದೆ. ಸಾಲದವರು ಬಾಚಿಕೊಂಡರು ಅಂದೆ. ಡ್ರಾಯರಿನ ಸುದ್ದಿ ಎತ್ತಲಿಲ್ಲ.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ" ಅಂದ. ಆಮೇಲೆ "ನೀನೇನ್ ಮಾಡ್ತೀಯ ಪಾಪ, ಅಳಬೇಡ" ಅಂತ ನನಗೇ ಸಮಾಧಾನ ಹೇಳಿದ.

ನಾಳೆಯಿಂದ ಮತ್ತೆ ಬಾಯ್ಲರ್.

ಜನವರಿ 11

ಟೈಲರ್ ಮನೆ ಬೇರೆಯವರಿಗೆ ಕೊಟ್ಟ. ಅವನದೂ ತಪ್ಪಿಲ್ಲ, ಒಂದು ದಿನ ಹೆಚ್ಚೇ ಕಾದ.

ಬುಟ್ಟಿ ಇಳಿಯಿತು. ಹಾಲು ಇಟ್ಟೆ. ಹಗ್ಗ ಹಿಡಿಯಲಿಲ್ಲ.

"ಏನೇ, ಇವತ್ತು ಬಿಟ್ಬಿಟ್ಟೆ?" ಅಂದಳು ಮೇಲಿಂದ.

ಫೆಬ್ರವರಿ 15

ಇನ್ನು ತಡೆಯಲಾಗಲಿಲ್ಲ. ಅಣ್ಣ ಪಾಳಿಯಲ್ಲಿದ್ದಾಗ ಮೂರು ಮಹಡಿ ಹತ್ತಿ ಅತ್ತಿಗೆಗೆ ಎಲ್ಲ ಹೇಳಿದೆ. ಸಹಿಯಾದ ದಿನ, ನನ್ನ ಹೂಂ, ಡ್ರಾಯರು, ಎಂಟು ದಿನ. ಅವಳು ಕಿಟಕಿ ಕಡೆ ತಿರುಗಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ. ನೋಡಿದರೆ ಭುಜ ಅಲುಗುತ್ತಿದೆ — ನಗು.

"ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅನ್ನು."

ಆಮೇಲೆ ನಗು ನಿಂತಿತು. ಕಣ್ಣು ಒರೆಸಿಕೊಂಡಳು. "ಆ ಬಾಗಿಲಲ್ಲಿ ಕೂರಬೇಕು ಅಂತ ತುಂಬಾ ಆಸೆ ಇತ್ತು ಕಣೆ" ಅಂದಳು. ಅದೊಂದೇ ಸಲ ಅಂದಿದ್ದು.

ಅಣ್ಣನಿಗೂ ಹೇಳಿಬಿಡುತ್ತೇನೆ ಅಂದೆ. ಕೈ ಹಿಡಿದುಕೊಂಡಳು.

"ಈಗ ಬೇಡ. ಅವರಿಗೆ ಇರೋದು ನೀನೊಬ್ಬಳೇ ತಂಗಿ. ಸಾಲದವರನ್ನ ಬೈಕೊಂಡು ಹಾಯಾಗಿರಲಿ. ನಾನು ಇಳಿದ ಮೇಲೆ ಹೇಳು."

"ಮುಂದಿನ ವರ್ಷ ಇಳಿಸೇ ಇಳಿಸ್ತೀವಿ."

"ಇಳಿಯೋದೇನು ಮಹಾ. ಒಂದಲ್ಲ ಒಂದಿನ ನಾಲ್ಕು ಜನ ಸೇರಿ ಇಳಿಸ್ತಾರೆ." ಅವಳ ಬಾಯಿಗೆ ಹೊಡೆದೆ, ಮೆತ್ತಗೆ.

ಏಪ್ರಿಲ್ 3

ಸಾಲದ ಕಚೇರಿಯಿಂದ ಕಾಗದ. ಅಸಲು ಇಳಿದಿದೆ, ಬಡ್ಡಿ ಇಷ್ಟು ಉಳಿಯಿತು, ಧನ್ಯವಾದಗಳು. ಫೈಲಿಗೆ ಹಾಕಿದೆ. ಅರವತ್ತೊಂದನೇ ಪುಟ ಈಗ ಬಾಯಿಪಾಠ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ನವೆಂಬರ್ 9

ಇಷ್ಟು ತಿಂಗಳು ಬರೆಯುವಂಥದ್ದೇನೂ ಇರಲಿಲ್ಲ. ಈಗ ಇದೆ.

ಅತ್ತಿಗೆಗೆ ನಾಲ್ಕು ದಿನದಿಂದ ಜ್ವರ, ಕೆಮ್ಮು. ಮಲಗಿಯೇ ಇರುವವರಿಗೆ ಎದೆಯಲ್ಲಿ ಕಫ ಕಟ್ಟುತ್ತದಂತೆ. ಇವತ್ತು ಉಸಿರು ಎಳೆಯತೊಡಗಿದಳು. ಆಂಬುಲೆನ್ಸ್ ಕರೆಸಿದೆವು. ಸ್ಟ್ರೆಚರ್ ಮೆಟ್ಟಿಲ ತಿರುವಿನಲ್ಲಿ ತಿರುಗುವುದಿಲ್ಲ, ಎತ್ತಿ ಹಿಡಿಯಬೇಕು. ಆಂಬುಲೆನ್ಸಿನವರು ಇಬ್ಬರು, ಕೆಳಗಿನ ಮನೆಯವರು ಇಬ್ಬರು — ನಾಲ್ಕು ಜನ ಬೇಕಾಯಿತು. ನಾನು ಎಣಿಸಬಾರದಿತ್ತು.

ಓಣಿ ದಾಟಿ ಬೀದಿಗೆ ಬಂದಾಗ ಕಣ್ಣು ಬಿಟ್ಟಳು. ಬಿಸಿಲು. ತಲೆ ಹೊರಳಿಸಿ ನೋಡಿದಳು.

"ಬೇಕರಿ ಬಾಗಿಲಿಗೆ ಹಸಿರು ಬಣ್ಣ ಹೊಡೆದಿದ್ದಾರಾ? ನೀನು ಹೇಳಲೇ ಇಲ್ಲವಲ್ಲೇ."

ಹೌದು, ಹೇಳಿರಲಿಲ್ಲ. ಬಣ್ಣ ಹೊಡೆದು ವರ್ಷವಾಯಿತು. ದಿನಾ ಆ ಬಾಗಿಲಿಂದಲೇ ಬ್ರೆಡ್ಡು ತರುತ್ತಿದ್ದೆ.

ನವೆಂಬರ್ 12

ಆಸ್ಪತ್ರೆ. ಹಾಸಿಗೆಯ ಹೊದಿಕೆ ನಮ್ಮದೇ, ಮೂಲೆಯಲ್ಲಿ ನಮ್ಮ ನೀಲಿ ದಾರದ ಗುರುತು. ಮುಖದ ಮೇಲಿನ ಮಾಸ್ಕ್ ಸರಿಸಿ ಕೇಳಿದಳು, "ಇದರ ಲೆಕ್ಕ ಸಿಕ್ತಾ?"

ಅಣ್ಣ ಕೆಲಸ ಮುಗಿಸಿ ಹಾಗೇ ಬರುತ್ತಾನೆ. ಕೈಯಲ್ಲಿ ಮಸಿ. ತೊಳೆದರೂ ಹೋಗುವುದಿಲ್ಲ ಅಂತ ಅವಳನ್ನು ಮುಟ್ಟಲು ಹಿಂಜರಿಯುತ್ತಾನೆ. ಅವಳೇ ಎಳೆದುಕೊಂಡು ಹಿಡಿದಿರುತ್ತಾಳೆ.

ನವೆಂಬರ್ 17

ಅತ್ತಿಗೆ ಹೋದಳು. ಬೆಳಿಗ್ಗೆ ಆರೂವರೆ.

ಡಿಸೆಂಬರ್ 8

ಅಣ್ಣ ಕೆಲಸಕ್ಕೆ ಬಂದ. ಊಟದ ಡಬ್ಬಿ ತಂದಿರಲಿಲ್ಲ. ನನ್ನದರಲ್ಲೇ ಅರ್ಧ ಕೊಟ್ಟೆ, ತಿನ್ನಲಿಲ್ಲ. ಬಾಯ್ಲರ್ ಹತ್ತಿರ ಸ್ಟೂಲ್ ಮೇಲೆ ಕೂತಿರುತ್ತಾನೆ.

ಡಿಸೆಂಬರ್ 23

ಮಾಲೀಕರು ಈ ಸಲ ಎಚ್ಚೆತ್ತಿದ್ದಾರೆ. "ಮೂವತ್ತೊಂದಕ್ಕೆ ಏನೂ ಮಿಗೋದೇ ಬೇಡ. ಕೊಡೋದೆಲ್ಲ ಕೊಟ್ಬಿಡಿ." ಸೋಪಿನವನದು ಹೋಯಿತು, ವ್ಯಾನಿನದು ಹೋಯಿತು, ಮುಂದಿನ ತಿಂಗಳ ಇಂಧನವೂ ಬಂತು. ಕೊನೆಗೆ ಬೀರು ತೆಗೆದರು.

ಅದೇ ಚೆಕ್. ಹೊಸ ಹಾಳೆ ಯಾಕೆ ದಂಡ ಅಂತ ಹಳೇ ತಾರೀಖಿನ ಮೇಲೆ ಗೆರೆ ಎಳೆದು, ಹೊಸದು ಬರೆದು, ಪಕ್ಕದಲ್ಲಿ ಸಹಿ ಹಾಕಿದ್ದಾರೆ. ಗೆರೆಯ ಕೆಳಗೆ ಕಳೆದ ವರ್ಷದ ಡಿಸೆಂಬರ್ 24 ಚೆನ್ನಾಗಿ ಕಾಣುತ್ತದೆ.

ಬ್ಯಾಂಕಿನವರು ತಕರಾರು ಮಾಡುತ್ತಾರೆ, ಬೇರೆ ಬರೆದುಕೊಡಿ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಅನ್ನಲಿಲ್ಲ. ಇಳಿದ ಮೇಲೆ ಹೇಳು ಅಂದಿದ್ದಳಲ್ಲ ಅತ್ತಿಗೆ. ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ, ಆ ತಾರೀಖೇ ಹೇಳಲಿ.

ಡಿಸೆಂಬರ್ 24

ಬೆಳಿಗ್ಗೆ ಮಾಲೀಕರು ಕೈಗೆ ಕೊಟ್ಟ ಚೆಕ್ಕನ್ನು ಡ್ರಾಯರಿನಲ್ಲಿ ಇಡಲಿಲ್ಲ. ಒಂದು ನಿಮಿಷವೂ ಇಡಲಿಲ್ಲ. ನೇರ ಬಾಯ್ಲರ್ ಕೋಣೆಗೆ ಹೋಗಿ ಅಣ್ಣನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡ. ಮೊತ್ತ ನೋಡಿದ. ತಾರೀಖು ನೋಡಿದ. ಬೆರಳಿಟ್ಟು ಮತ್ತೆ ನೋಡಿದ.

"ಇದು ಹೋದ ವರ್ಷವೇ ಆಗಿತ್ತಾ? ವರ್ಷ ಮುಗಿಯೋ ಮುಂಚೆ?"

"ಹೂಂ."

"ಎಲ್ಲಿತ್ತು?"

"ನನ್ನ ಹತ್ರ ಅಣ್ಣ. ಡ್ರಾಯರಿನಲ್ಲಿ."

ಬಾಯ್ಲರ್ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಅಂತ ಮತ್ತೊಮ್ಮೆ ಹೇಳಲು ಹೋದೆ. ಕೈ ಎತ್ತಿ ತಡೆದ. ಚೆಕ್ ಜೇಬಿಗೆ ಹಾಕಿಕೊಂಡು ಮೀಟರ್ ಕಡೆ ತಿರುಗಿದ.

ಡಿಸೆಂಬರ್ 28

ನಾಲ್ಕು ದಿನದಿಂದ ಅಣ್ಣ ಎದುರು ಸಿಕ್ಕರೆ ಗೋಡೆ ನೋಡುತ್ತಾನೆ. ಬ್ಯಾಂಕಿಗೆ ಕೇಳಿದೆ, ಚೆಕ್ ಇನ್ನೂ ಬಂದಿಲ್ಲ.

ಮಾಡಿದ್ದುಣ್ಣೋ ಮಹಾರಾಯ. ಸರಿ. ಆದರೆ ನಾನು ಮಾಡಿದ್ದನ್ನು ಉಂಡವಳು ಅವಳು.

ಡಿಸೆಂಬರ್ 30, ಸಂಜೆ

ಹಾಲು, ಬ್ರೆಡ್ಡು ತೆಗೆದುಕೊಂಡು ಹೋದೆ. ಮೆಟ್ಟಿಲು ಹತ್ತಲಿಲ್ಲ. ಓಣಿಯಲ್ಲಿ ನಿಂತೆ. ಕೂಗಲೂ ಇಲ್ಲ. ಎಷ್ಟು ಹೊತ್ತಾಯಿತೋ, ಕಿಟಕಿ ತೆರೆಯಿತು. ಅಣ್ಣ. ಬುಟ್ಟಿ ಇಳಿಯಿತು, ಅವನಿಗೆ ಅಭ್ಯಾಸವಿಲ್ಲ, ಗೋಡೆಗೆ ತಾಗುತ್ತಾ ತಾಗುತ್ತಾ.

ಒಳಗೆ ಚೆಕ್. ಗಾಳಿಗೆ ಹಾರದಿರಲಿ ಅಂತ ಅತ್ತಿಗೆಯ ಮಾತ್ರೆ ಡಬ್ಬಿಯನ್ನು ಅದರ ಮೇಲಿಟ್ಟಿದ್ದ.

"ನಾಳೆ ಮೂವತ್ತೊಂದು" ಅಂದ ಮೇಲಿಂದ. ಕೂಗಲಿಲ್ಲ, ಆದರೂ ಕೇಳಿಸಿತು. "ಖಾತೇಲೇ ಇರಲಿ. ಮಿಕ್ಕಿದ್ದು ಸಾಲದವರಿಗೇ ತಾನೇ ಹೋಗೋದು. ತಗೊಳ್ಳಲಿ. ನನಗೆ ಯಾವ ಕೆಳಗಿನ ಮನೆ ಬೇಕು ಈಗ?"

ನಾನು ಬುಟ್ಟಿಯಿಂದ ಚೆಕ್ ತೆಗೆಯಲಿಲ್ಲ. ಅದರ ಪಕ್ಕದಲ್ಲೇ ಹಾಲು ಇಟ್ಟೆ, ಬ್ರೆಡ್ಡು ಇಟ್ಟೆ. ಅವನು ಎಳೆಯತೊಡಗಿದ. ಕೈ ತಾನಾಗಿಯೇ ಹೋಗಿ ಹಗ್ಗ ಹಿಡಿಯಿತು.

ಅವನು ಎಳೆದ. ನಾನು ಬಿಡಲಿಲ್ಲ. ಬಿಡೇ ಅನ್ನುತ್ತಾನೇನೋ ಅಂತ ಕಾದೆ. ಅನ್ನಲಿಲ್ಲ. ಹಗ್ಗ ಮೇಲಿನಿಂದ ನಡುಗುತ್ತಿತ್ತು, ಅಳುತ್ತಿದ್ದಾನೆ ಅಂತ ಅದರಿಂದಲೇ ಗೊತ್ತಾಯಿತು. ಅವನೂ ಬಿಡಲಿಲ್ಲ, ನಾನೂ ಬಿಡಲಿಲ್ಲ.