ಅಮೀಬಾಕ್ಕೆ ಕಾವು ಕೂತ ಅಜ್ಜ

ಶಹಾಬಾದ, ಮೇ ೧೯೯೯

ಇನ್ನೂ ಹೆಸರಿಡದ ನನ್ನ ಕೂಸೇ,

ನೀನು ಬರಲಿಕ್ಕೆ ಇನ್ನೂ ಮೂರು ತಿಂಗಳು ಅದ. ಆದರೂ ನನಗ ತಡಕೊಳ್ಳಲಿಕ್ಕೆ ಆಗವಲ್ದು. ನಾನು ನಿಮ್ಮಪ್ಪ ಪವಮಾನನ ಅಪ್ಪ, ಅಂದರ ನಿನ್ನ ಅಜ್ಜ. ನಿಮ್ಮಜ್ಜಿ ಸುಮಿತ್ರಾಬಾಯಿ ಹೋದಾಗಿನಿಂದ, ಮಾತು ಶುರು ಮಾಡಿದರ 'ಸಾಕು ನಿಲ್ಲಸ್ರಿ' ಅನ್ನೋರು ಯಾರೂ ಇಲ್ಲ. ಸಹಿಸಿಕೋ.

ನಿಮ್ಮಮ್ಮ ಪ್ರಮಿತಾ ಕಲಬುರಗಿಯಲ್ಲಿ ಪಿಎಚ್.ಡಿ. ಮಾಡಲಿಕತ್ತಾಳ. ಅಜ್ಜಿ ಹೋದಾಗ, 'ಮಾಮಾ, ಮನಿ ನೋಡಕೋತೀನಿ, ಓದು ಬಿಡ್ತೀನ್ರಿ' ಅಂದಿದ್ದಳು. ನಾನೇ ಬಿಡಗೊಡಲಿಲ್ಲ. ಆಮಶಂಕೆ ತರುವ ಅಮೀಬಾ ಅಂತ ಒಂದು ಜೀವಿ ಅದ, ಬರಿಗಣ್ಣಿಗೆ ಕಾಣೂದಿಲ್ಲ. ಅದಕ್ಕೆ ಸಕ್ಕರೆ ಅಂದರ ಪ್ರಾಣ. ಇವಳು ಅದಕ್ಕೆ ಹುಸಿ ಸಕ್ಕರೆ ತಿನ್ನಿಸ್ತಾಳ. ರೂಪ ಥೇಟ್ ಗ್ಲೂಕೋಸಿನದೇ, ಒಂದು ಆಕ್ಸಿಜನ್ ಮಾತ್ರ ಕಡಿಮಿ. ಅಮೀಬಾ ಮೋಸ ಹೋಗಿ ಒಳಗ ತಗೊಳ್ತದ. ಆ ಸಕ್ಕರೆ ಮುಂದ ಅರಗೂದಿಲ್ಲ. ನಾನು ವಾಡಿ ಜಂಕ್ಷನ್ನಿನಲ್ಲಿ ಬುಕಿಂಗ್ ಕ್ಲಾರ್ಕ್ ಆಗಿದ್ದವ, ನನಗ ತಿಳಿದದ್ದು ಹಿಂಗ: ಇಂಜಿನ್ ಬಿಚ್ಚಿಟ್ಟ ಡಬ್ಬಿಗೆ ಮಂದಿ ನುಗ್ಗಿ ಕೂತಂಗ. ಕೂತವರು ಊರು ಮುಟ್ಟೂದಿಲ್ಲ, ಹಿಂದ ಬಂದವರಿಗೆ ಜಾಗ ಇಲ್ಲ. ಶಕ್ತಿ ಹುಟ್ಟೂದಿಲ್ಲ, ಅಮೀಬಾ ಬೆಳೆಯೂದಿಲ್ಲ. ಕಾಲೇಜಿನಲ್ಲಿ ನಮಗೂ ಹೇಳಿದ್ದರು, 'ಮೆಟಬಾಲಿಸಂ ಈಸ್ ದಿ ಸಮ್ ಆಫ್...' ಯಾತರ ಸಮ್ಮೋ, ಹೋಗಲಿ.

ಮೊನ್ನೆ ಅವಳ ಕಡೇ ಪ್ರಯೋಗ. ಕೆಲವು ಗಾಜಿನ ನಳಿಗೆಗಳಲ್ಲಿ ನಿಜ ಸಕ್ಕರೆ, ಉಳಿದವುಗಳಲ್ಲಿ ಹುಸಿ. ಎಲ್ಲವನ್ನೂ ಮರುದಿನದ ತನಕ ಮನುಷ್ಯನ ಮೈಯಷ್ಟೇ ಬೆಚ್ಚಗೆ ಇಡಬೇಕು. ಮಧ್ಯಾಹ್ನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋತು, ನಳಿಗೆ ಬೆಚ್ಚಗಿಡುವ ಪೆಟ್ಟಿಗಿ, ಫ್ಯಾನು ಎಲ್ಲಾ ನಿಂತವು. ಲ್ಯಾಬು ರೊಟ್ಟಿ ಹಂಚಿನಂಗ ಕಾಯ್ತು. ಎಲ್ಲ ಅಮೀಬಾ ಸತ್ತರ, ಕೊಂದದ್ದು ಹುಸಿ ಸಕ್ಕರೆಯೋ ನಮ್ಮ ಸೀಮಿ ಬಿಸಿಲೋ, ಹೆಂಗ ಹೇಳೂದು? ಬಸುರಿ ಅಂತ ಅವಳ ಸಂಗಾಟ ದಿನಾ ನಾನು ಹೋಗ್ತಿದ್ದೆ. 'ಎಲ್ಲಾ ಹೋತ್ರಿ ಮಾಮಾ' ಅಂತ ಕೂತುಬಿಟ್ಟಳು.

ಆಗ ನನಗ ಹೊಳೀತು. ಡಾಕ್ಟರು ಥರ್ಮಾಮೀಟರ್ ಎಲ್ಲಿ ಇಡ್ತಾರ? ಹೊರಗ ಎಷ್ಟೇ ಉರೀಲಿ, ಕಂಕುಳು ಕಾನ್‌ಸ್ಟಂಟ್ ಟೆಂಪರೇಚರ್! 'ಆ ನಳಿಗೆ ಇತ್ತ ಕೊಡವ್ವಾ' ಅಂದೆ. ಬಿರಡೆ ಬಿಗಿದು, ಪ್ಲಾಸ್ಟಿಕ್ ಚೀಲದಾಗ ಸುತ್ತಿ, ನನ್ನ ಒಂದೊಂದು ಕಂಕುಳಿಗೂ ಎರಡೂ ಬಗೆಯ ನಳಿಗೆ ಇಟ್ಟಳು. ಬಲಗಡೆ ಕಾವು ಹೆಚ್ಚು ಅಂತ ನಾಳೆ ಯಾರೂ ತಕರಾರು ತೆಗೀಬಾರದಂತ!

ಊರಿಗೆ ಮರಳುವ ಪ್ಯಾಸೆಂಜರ್ ಗಾಡಿಯಲ್ಲಿ ನಮ್ಮ ಓಣಿಯ ಟೀಚರು ಅಖ್ತರ ಬೇಗಂ ಎದುರಿಗೆ ಕೂತಿದ್ದರು. 'ಯಾ ಅಲ್ಲಾ! ಕೋಳಿ ಕಾವಿಗಿ ಕುಂತಂಗ ಕುಂತೀರಲ್ರೀ ರಾಯರ, ಮರಿ ಯಾವಾಗ?' ಅಂದರು. 'ನಾಳಿ ಮುಂಜಾನಿ' ಅಂದೆ. ಡಬ್ಬಿ ತುಂಬ ನಗು. ವಿಷಯ ತಿಳಿದ ಮೇಲೆ, ಕೈ ಎತ್ತಲಾರದ ನನಗ ಊರು ಬರೋ ತನಕ ಅವರೇ ನೀರು ಕುಡಿಸಿದರು.

ಮನೆಯಲ್ಲಿ ನಿಮ್ಮಪ್ಪ ತುತ್ತು ಮಾಡಿ ಉಣ್ಣಿಸಿದ. ಸ್ನಾನ ಇಲ್ಲ, ಸಂಧ್ಯಾವಂದನೆ ಇಲ್ಲ. ನಿಮ್ಮಜ್ಜಿ ಇದ್ದಿದ್ದರ ನನ್ನನ್ನೂ ಅಮೀಬಾನೂ ಕಾಗಿಣಾ ಹೊಳಿಯಾಗ ಮುಳುಗಿಸಿ ತೆಗೀತಿದ್ದಳು. ಆಕಿಯ ಹಳೇ ನೂಲಿನ ಸೀರೆಯೊಂದನ್ನು ನಿನ್ನ ತೊಟ್ಟಿಲಿಗೆ ಅಂತ ತೆಗೆದಿಟ್ಟಿದ್ದೆವು. ನಿದ್ದಿಯಾಗ ಕೈ ಸಡಿಲಾಗಬಾರದಂತ ಅದರ ಅಂಚು ಹರಿದು ನನ್ನ ರಟ್ಟೆ ಮೈಗೆ ಕಟ್ಟಿದರು. ನಿನಗಿಂತ ಮೊದಲು ಅಮೀಬಾ ಮಲಗಿದವು, ಸಿಟ್ಟಾಗಬ್ಯಾಡ.

ಮುಂಜಾನೆ ಮತ್ತ ಕಲಬುರಗಿ. ಕರೆಂಟು ಇನ್ನೂ ಬಂದಿರಲಿಲ್ಲ. ಕನ್ನಡಿಯಿಂದ ಬಿಸಿಲು ಹಿಡಿದು ಮೈಕ್ರೋಸ್ಕೋಪಿನಲ್ಲಿ ನಿಜ ಸಕ್ಕರೆಯ ಹನಿ ನೋಡಿದಳು. ಗಾಜು ಅತ್ತಿತ್ತ ಸರಿಸಿದಳು. ಆಮೇಲೆ, 'ಮಾಮಾ, ಓಡಾಡಲಿಕತ್ತಾವ್ರಿ!' ಅಂತ ಚೀರಿದಳು. ನಾನೂ ಬಗ್ಗಿ ನೋಡಿದೆ. ಕಾಲಿಲ್ಲದವು ಮೈಯನ್ನೇ ಕಾಲು ಮಾಡಿ ಸರೀತಿದ್ದವು, ತುಂಬಿದ ಸಂತಿಯಂಗ. ಹುಸಿ ಸಕ್ಕರೆಯ ಹನಿಯಲ್ಲಿ ಅಲ್ಲೊಂದು ಇಲ್ಲೊಂದು, ಗುಂಡಗೆ, ಅಲುಗಾಡದೆ. ಎರಡೂ ಕಂಕುಳಿನದು ಒಂದೇ ಲೆಕ್ಕ! ನಿಮ್ಮಮ್ಮ ನಕ್ಕಳು, ಅತ್ತಳು, ನನ್ನ ಕಾಲಿಗೆ ಬೀಳಲಿಕ್ಕೆ ಬಂದಳು. ಬಾಗಬ್ಯಾಡವ್ವಾ ಅಂತ ಹಿಡೀಲಿಕ್ಕೆ ಹೋದರ ನನ್ನ ಕೈ ಏಳಲೇ ಇಲ್ಲ.

ಅವಳೀಗ ಪಡಸಾಲೆಯಲ್ಲಿ ಕಡೇ ಅಧ್ಯಾಯ ಬರೀಲಿಕತ್ತಾಳ. ಅದು ಮುಗಿಯೋ ತನಕ ನೀನೂ ಗಡಿಬಿಡಿ ಮಾಡಬ್ಯಾಡ, ಆರಾಮ ಇರು. ನಿನ್ನನ್ನ ಎತ್ತಿಕೊಳ್ಳಬೇಕಲ್ಲ, ರಟ್ಟೆಗೆ ದಿನಾ ಎಣ್ಣಿ ತಿಕ್ಕಲಿಕತ್ತೀನಿ.

ನೂರು ವರ್ಷ ಬಾಳು, ನಿಮ್ಮಮ್ಮನಂಗ ಹಟ ಹಿಡಿ.

ನಿನ್ನ ದಾರಿ ಕಾಯುವ ಅಜ್ಜ,
ಗುಂಡೇರಾವ ತೆಂಗಳಿ