ತುಕ್ಕು ಹಿಡಿಯದ ಬಿಳಿ ಕಾಳು

ಪ್ರೀತಿಯ ಸೋದರತ್ತೆಗೆ ನಿನ್ನ ಸೋಮಾರಿ ಅಳಿಯನ ನಮಸ್ಕಾರ.

ನಾನಿಲ್ಲಿ ಹೊಳೆಯ ಮರಳು ತೊಳೆದು ಚಿನ್ನ ಆರಿಸುವ ಶೆಡ್ಡಿನಲ್ಲಿದ್ದೇನೆ. ಮರಳಿನ ಮೇಲೆ ಅಯಸ್ಕಾಂತ ಆಡಿಸಿ, ಅಂಟಿದ್ದೆಲ್ಲ ಬರೀ ಕಬ್ಬಿಣವೆಂದು ಹೊರಗಿನ ಡಬ್ಬಕ್ಕೆ ಸುರಿಯುವುದು ಇಲ್ಲಿಯ ಪದ್ಧತಿ. ನನ್ನ ಕೈ ನಿಧಾನವೆಂದು, ಶನಿವಾರ ಗಂಟುಮೂಟೆ ಕಟ್ಟು ಎಂದಿದ್ದರು. ಶುಕ್ರವಾರ ಸುಮ್ಮನೆ ಕೂರಲಾರದೆ ಆ ಡಬ್ಬದ ಕಸವನ್ನು ಒಣಗಿಸಿ, ನೀನು ಮೊರದಲ್ಲಿ ಅಕ್ಕಿ ಕೇರುವ ಹಾಗೆ ತಟ್ಟೆಯಲ್ಲಿ ಕೇರಿದೆ. ಹಗುರವಾದದ್ದು ಮುಂದೆ ಹಾರಿತು, ಭಾರದ ಬಿಳಿ ಕಾಳುಗಳು ಹಿಂದೆ ಉಳಿದವು. ತಿಂಗಳಿಡೀ ಮಳೆಯಲ್ಲಿ ನೆನೆದರೂ ಒಂದಕ್ಕೂ ತುಕ್ಕಿಲ್ಲ!

“ಮೊಳೆ ಚೂರು ಕಣೋ, ಎಸಿ ಆಚೆ,” ಎಂದ ಮೇಸ್ತ್ರಿ.

ಲೋಹ ಪರೀಕ್ಷೆಯ ಅಕ್ಕ ಒಂದು ಕಾಳನ್ನು ಸುತ್ತಿಗೆಯಿಂದ ಬಡಿದಳು. ಅದು ಒಡೆಯದೆ ತಗಡಿನಂತೆ ಚಪ್ಪಟೆಯಾಯಿತು. ಆಮೇಲೆ ಯಂತ್ರದಲ್ಲಿಟ್ಟು ನೋಡಿದಳು.

“ಮೊಳೆಯಲ್ಲ ಮೇಸ್ತ್ರಿ, ಅವಾರುಐಟ್ ಅನ್ನೋ ಲೋಹ. ಮೂರು ಪಾಲು ನಿಕ್ಕಲ್, ಒಂದು ಪಾಲು ಕಬ್ಬಿಣ. ಯಾವ ಕುಲುಮೇಲೂ ಬೆರೆಸಿದ್ದಲ್ಲ, ಕಲ್ಲಿನೊಳಗೇ ಬೆರೆತಿದ್ದು. ಬಲು ಅಪರೂಪ. ಬಂಗಾರದ ಆಸೆಗೆ ಇದನ್ನ ಗುಡಿಸಿ ಹಾಕ್ತಿದ್ರಲ್ಲ! ಇವನಿಗೆ ಕೇರೋದು ಯಾರು ಕಲಿಸಿದ್ದು?”

“ನಮ್ಮತ್ತೆ, ತಲೆಗೆ ಮೊಟಕಿ ಮೊಟಕಿ,” ಎಂದೆ.

ಆ ಮೊಟಕುಗಳಿಗೆಲ್ಲ ಈಗ ಕೈಮುಗಿಯುತ್ತೇನೆ. ಕೆಮ್ಮು ವಾಸಿಯಾಗಿದೆ. ಈ ಕಾರ್ಡಿಗೆ ವಿಳಾಸ ಬರೆದದ್ದು ಗುರುವಾರ, ಕೆಲಸ ಹೋಯಿತು, ಬರುತ್ತೇನೆಂದು ತಿಳಿಸಲು. ಈಗ ಬರುವುದಿಲ್ಲ ಅತ್ತೆ. ಡಬ್ಬದ ಕೆಲಸ ನನಗೇ ಕೊಟ್ಟಿದ್ದಾರೆ. ನಿನ್ನ ಹಳೆಯ ಮೊರ ಕಳಿಸು.

ಜಾಗ ಮುಗಿಯಿತು,
ನಿನ್ನ ಅಳಿಯ