ಬಂಡೆಯ ಮೇಲೆ ಕೂತಿದ್ದದ್ದು

ಒಂಟಿಕೊಪ್ಪಲು, ೧೯೫೮

ಅಪ್ಪಾಜಿ,

ನೀವು ತೀರಿಕೊಂಡ ಮೇಲೆ ಮೊದಲ ಸಲ ನಿಮ್ಮ ಕ್ಯಾಮೆರಾ ಹೊತ್ತು ಕುಂತಿಬೆಟ್ಟಕ್ಕೆ ಹೋಗಿದ್ದೆ. ಬಂಡೆಗಳ ಮೇಲಿನ ನಕ್ಷತ್ರ ತೆಗೆಯೋಣ ಅಂತ ಲೆನ್ಸು ಗಂಟೆಗಟ್ಟಲೆ ತೆರೆದಿಟ್ಟು ಕತ್ತಲಲ್ಲಿ ಕೂತೆ. ಎದುರು ಬಂಡೆಯಿಂದ ಉಸಿರಾಟ ಕೇಳಿಸಿತು. ಟಾರ್ಚು ಹಾಕಿದರೆ ಕ್ಯಾಮೆರಾದೊಳಗಿನ ಪ್ಲೇಟು ಹಾಳಾಗುತ್ತೆ ಅಂತ ಬೈಯುತ್ತಿದ್ದಿರಲ್ಲ, ಹಾಕಲಿಲ್ಲ. ನೀವೇ ಬಂದಿರೇನೋ ಅಂತ ಜೀವ ಬಾಯಿಗೆ ಬಂತು. ಆ ಹೆದರಿಕೆಗೇ ಮನೆ ಸುದ್ದಿ, ಸ್ಟುಡಿಯೋ ಸುದ್ದಿ ಎಲ್ಲಾ ಹೇಳುತ್ತಾ ಹೋದೆ.

ಇವತ್ತು ಡಾರ್ಕ್‌ರೂಮಿನಲ್ಲಿ ಪ್ಲೇಟು ತೊಳೆದೆ. ನಕ್ಷತ್ರಗಳು ಎಳೆದ ಗೆರೆಗಳೆಲ್ಲ ಬಂಡೆಯ ನೆತ್ತಿಯ ಹತ್ತಿರ ಕತ್ತರಿಸಿದಂತೆ ನಿಂತಿವೆ. ಅವನ್ನು ಮರೆಮಾಡಿ ಕೂತಿದ್ದದ್ದಕ್ಕೆ ಎರಡು ಕಿವಿ, ಒಂದು ಬಾಲ. ಚಿರತೆ, ಅಪ್ಪಾಜಿ!

ಅಷ್ಟೂ ಹೊತ್ತು ಅದು ಕದಲದೆ ಕೇಳಿಸಿಕೊಂಡಿದೆ. ನಿಮ್ಮೆದುರು ನಾನು ಯಾವತ್ತಾದರೂ ಅಷ್ಟು ಮಾತಾಡಿದ್ದೆನಾ?